ಎರಡೂ ಕಡೆ ಆಕಾಶ ಸ್ವಚ್ಛ ಇತ್ತು, ಆದರೂ ಪೈಲಟ್ ಬೇಡ ಅಂದರು. ಅವರಿಗೆ ಹೇಗೆ ಗೊತ್ತಾಯಿತು?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಏರ್ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕೆ ಸೇರಿ ನನಗೆ ನಾಲ್ಕು ತಿಂಗಳಾಯಿತು. ಕರೆ ತೆಗೆದುಕೊಳ್ಳಬೇಕು, ಹವಾಮಾನದ ವರದಿ ತೆಗೆದು ಪೈಲಟ್ ಮುಂದೆ ಇಡಬೇಕು, ಹೆಲಿಕಾಪ್ಟರ್ ವಾಪಸ್ ಬಂದು ಇಳಿಯುವ ತನಕ ಅದು ಎಲ್ಲಿದೆ ಎಂದು ನೋಡುತ್ತಾ ಇರಬೇಕು. ಇಷ್ಟು ನನ್ನ ಕೆಲಸ.

ಕಳೆದ ವಾರದ ಒಂದು ರಾತ್ರಿ ಇನ್ನೂ ತಲೆಯಿಂದ ಹೋಗಿಲ್ಲ. 2:40ಕ್ಕೆ ಫೋನ್ ಬಂತು. ಬೆಟ್ಟದ ಆಚೆ ಕಡೆಯ ಸಣ್ಣ ಆಸ್ಪತ್ರೆ. ಆರು ವರ್ಷದ ಮಗು, ತಲೆಗೆ ಪೆಟ್ಟು, ದೊಡ್ಡ ಆಸ್ಪತ್ರೆಗೆ ಬೇಗ ಸಾಗಿಸಬೇಕು. ನಾನು ಎರಡೂ ಕಡೆಯ ವರದಿ ತೆಗೆದೆ. ನಮ್ಮ ಹೆಲಿಕಾಪ್ಟರ್ ನೆಲೆ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಉಷ್ಣತೆ 11 ಡಿಗ್ರಿ, ಡ್ಯೂ ಪಾಯಿಂಟ್ (ಎಷ್ಟು ತಣ್ಣಗಾದರೆ ಗಾಳಿಯ ತೇವ ಹನಿಯಾಗುತ್ತದೋ ಆ ಉಷ್ಣತೆ) 8, ಬೆಟ್ಟದ ಕಡೆಗೆ ಬೀಸುವ 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ಗಾಳಿ, ತಲೆಯ ಮೇಲೆ ಮೋಡ ಇಲ್ಲ. ಆಚೆ ಕಡೆಯ ಆಸ್ಪತ್ರೆ 1100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಷ್ಣತೆ 13, ಡ್ಯೂ ಪಾಯಿಂಟ್ 6, ಮೋಡ ಇಲ್ಲ, 10 ಕಿಲೋಮೀಟರಿಗಿಂತ ದೂರ ಕಾಣುತ್ತದೆ. ನಡುವೆ 1650 ಮೀಟರ್ ಎತ್ತರದ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ತಗ್ಗಿನ ದಾರಿ. ಪಾಸಿನಲ್ಲಿ ಹವಾಮಾನ ಕೇಂದ್ರ ಇಲ್ಲ.

ಇದು ಹೋಗಬಹುದಾದ ಹಾರಾಟ ಎಂದೇ ಅಂದುಕೊಂಡೆ. ಪೈಲಟ್ ಎದ್ದು ಬಂದರು. ನಾನು ಮೊದಲು ಹೇಳಿದ್ದು, "ಸರ್, ಆರು ವರ್ಷದ ಮಗು." ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಅಂಕಿಗಳ ಮೇಲೆ ಒಂದು ನಿಮಿಷ ಬೆರಳಿಟ್ಟು ನಿಂತರು. ಆಮೇಲೆ, "ಪಾಸಿನ ಮೇಲಿರುವ ರಸ್ತೆ ಚೆಕ್‌ಪೋಸ್ಟಿಗೆ ಫೋನ್ ಮಾಡಿ, ಎದುರಿನ ದೀಪದ ಕಂಬ ಕಾಣುತ್ತಾ ಕೇಳಿ" ಅಂದರು. ಮಾಡಿದೆ. ಆ ಕಡೆಯಿಂದ ಬಂದ ಉತ್ತರ: "ಕಂಬ ಎಲ್ಲಿ ಮೇಡಂ, ಗೇಟೇ ಕಾಣುತ್ತಿಲ್ಲ."

ಪೈಲಟ್ ಬೇಡ ಅಂದರು. ಮಗುವನ್ನು ರಸ್ತೆಯಲ್ಲಿ ಕರೆತಂದರು, ನಾಲ್ಕು ಗಂಟೆ ಹಿಡಿಯಿತು. ಮಗು ಉಳಿಯಿತು. ಆದರೆ ಆ ನಾಲ್ಕು ಗಂಟೆಯೊಳಗೆ ಮಗುವಿನ ಚಿಕ್ಕಪ್ಪ ನನಗೆ ಮೂರು ಸಲ ಫೋನ್ ಮಾಡಿದರು. "ಇಲ್ಲಿ ನಕ್ಷತ್ರ ಕಾಣುತ್ತಿವೆ, ನೀವು ಯಾಕೆ ಬರಲ್ಲ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಅದೇ ಅಂಕಿಗಳನ್ನು ನಾನೂ ನೋಡಿದ್ದೆ. ಅವರಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ? ಮುಂದಿನ ಸಲ ಪೈಲಟ್ ಎದ್ದು ಬರುವ ಮೊದಲೇ ನಾನು ಏನೇನು ನೋಡಿಟ್ಟಿರಬೇಕು? ಪೈಲಟ್ ಅವರನ್ನೇ ಕೇಳಬಹುದಿತ್ತು, ಆದರೆ ಆವತ್ತಿನಿಂದ ಅವರು ರಜೆಯಲ್ಲಿದ್ದಾರೆ. ಅವರು ವಾಪಸ್ ಬರುವ ತನಕ ಸುಮ್ನೆ ಕೂರಲು ನನ್ನಿಂದ ಆಗುತ್ತಿಲ್ಲ.

ಹಳೇರೋಟರ್

ನೋಡಮ್ಮ, 21 ವರ್ಷ ಬೆಟ್ಟದ ಕಡೆ ಹೆಲಿಕಾಪ್ಟರ್ ಹಾರಿಸಿದ್ದೇನೆ, ಈಗ ನಿವೃತ್ತ. ನೀನು ಅಂಕಿಗಳನ್ನು ಸರಿಯಾಗಿ ಬರೆದಿದ್ದೀಯ, ಅದಕ್ಕೇ ಉತ್ತರ ಕೊಡುವುದು ಸುಲಭ. ಆ ಪೈಲಟ್ ಬೆರಳಿಟ್ಟದ್ದು ಎಲ್ಲಿ ಎಂದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಮೊದಲು ನಿಮ್ಮ ನೆಲೆಯ ಲೆಕ್ಕ. 11 ಮತ್ತು 8, ಅಂತರ 3 ಡಿಗ್ರಿ. ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಅದು ತಣ್ಣಗಾಗುತ್ತಾ ಹೋಗುತ್ತದೆ. ಅಂತರದ ಒಂದೊಂದು ಡಿಗ್ರಿಗೆ ಸುಮಾರು 125 ಮೀಟರ್ ಏರಿದರೆ ಸಾಕು, ಮೋಡ ಕಟ್ಟುತ್ತದೆ. ಮೂರು ಡಿಗ್ರಿಗೆ 375 ಮೀಟರ್. ಅಂದರೆ 900ರಿಂದ ಹೊರಟ ಗಾಳಿ 1275 ಮೀಟರ್ ಹತ್ತಿರ ಮೋಡವಾಗುತ್ತದೆ. ಪಾಸ್ ಇರುವುದು 1650ರಲ್ಲಿ. ಗಾಳಿ ಬೀಸುತ್ತಿದ್ದದ್ದು ಬೆಟ್ಟದ ಕಡೆಗೆ, ಅದೂ 12 ನಾಟ್. ಅದಕ್ಕೆ ಹೋಗಲು ಬೇರೆ ಜಾಗ ಇಲ್ಲ, ಇಳಿಜಾರು ಹತ್ತಲೇಬೇಕು. ಪಾಸಿನ ಕೆಳಗಿನ ಕೊನೆಯ 375 ಮೀಟರ್ ಏರು ಪೂರ್ತಿ ಮೋಡದೊಳಗೆ.

ಇದನ್ನು ಎಲ್ಲ ರಾತ್ರಿಗೂ ಹಾಕಬೇಡ. ಗಾಳಿಯೇ ಇಲ್ಲದ ರಾತ್ರಿ ನೆಲದ ಹತ್ತಿರ ತಂಪು ಗಾಳಿ ಕೆರೆಯ ನೀರಿನ ಹಾಗೆ ನಿಂತಿರುತ್ತದೆ. ಆಗ ಮೇಲಿನ ಗಾಳಿಯೇ ಬೇರೆ, ಕೆಳಗಿನದೇ ಬೇರೆ, ಈ ಲೆಕ್ಕ ನಡೆಯುವುದಿಲ್ಲ. ಅಂಥ ರಾತ್ರಿ ಅಂತರ ಎಷ್ಟಿದೆ ಎನ್ನುವುದಕ್ಕಿಂತ ಗಂಟೆಗಂಟೆಗೆ ಎಷ್ಟು ಇಳಿಯುತ್ತಿದೆ ಎಂದು ನೋಡು. 4, 3, 2 ಎಂದು ಬರುತ್ತಿದ್ದರೆ ವಾಪಸ್ ಬರುವ ಹೊತ್ತಿಗೆ ನಿಮ್ಮ ನೆಲೆಯ ಮೇಲೇ ಮಂಜು ಕೂತಿರುತ್ತದೆ. ಹೋಗುವಾಗಿನ ಹವೆ ನೋಡಿ ಬರುವಾಗಿನದನ್ನು ಮರೆತವರನ್ನು ಬಹಳ ಕಂಡಿದ್ದೇನೆ.

ಈಗ ಆಚೆ ಕಡೆಯ ಅಂಕಿ. ನಿಜವಾದ ಸುಳಿವು ಅಲ್ಲೇ ಇತ್ತು. ಆ ಆಸ್ಪತ್ರೆ ನಿಮಗಿಂತ 200 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಷ್ಟೂ ತಂಪಾಗಬೇಕು, ಅಲ್ವಾ? ಆದರೆ ಅಲ್ಲಿ ನಿಮಗಿಂತ 2 ಡಿಗ್ರಿ ಜಾಸ್ತಿ. ಡ್ಯೂ ಪಾಯಿಂಟ್ ಕಮ್ಮಿ. ಬಿಸಿಯೂ ಹೌದು, ಒಣಗಿಯೂ ಇದೆ. ಆ ಗಾಳಿ ಬೆಟ್ಟದ ಈಚೆ ಹತ್ತುವಾಗ ತನ್ನ ನೀರನ್ನು ಮೋಡವಾಗಿ, ಹನಿಯಾಗಿ ಬಿಟ್ಟು, ಆಚೆ ಇಳಿಯುವಾಗ ಬಿಸಿಯಾಗಿದೆ. ಚಿಕ್ಕಪ್ಪನಿಗೆ ನಕ್ಷತ್ರ ಕಂಡದ್ದು ಅದಕ್ಕೇ. ಅವರ ಊರಿನ ಮೇಲೆ ಆಕಾಶ ತೆರೆದಿತ್ತು, ನಡುವಿನ ಬೆಟ್ಟಕ್ಕೆ ಮೋಡ ಮುಸುಕಿತ್ತು. ಎರಡು ಮಾತೂ ನಿಜ.

ಇನ್ನೊಂದು ವಿಷಯ. ಇಳಿಯುವ ಗಾಳಿ ಹೆಲಿಕಾಪ್ಟರನ್ನೂ ಕೆಳಗೆ ಎಳೆಯುತ್ತದೆ. ಬೆಟ್ಟದ ನೆತ್ತಿಯಲ್ಲಿ 20 ನಾಟ್ ದಾಟಿತು ಎಂದರೆ ಗಾಳಿಮರೆಯ ಕಡೆ, ಅಂದರೆ ಗಾಳಿ ದಾಟಿ ಇಳಿಯುವ ಆಚೆ ಬದಿಯಲ್ಲಿ, ಹೊಡೆತ ಶುರು ಎಂದೇ ನಾನು ಲೆಕ್ಕ ಹಾಕುತ್ತಿದ್ದೆ. ನೆಲೆಯಲ್ಲಿ 12 ಇದ್ದದ್ದು ಪಾಸಿನ ಇಕ್ಕಟ್ಟಿನಲ್ಲಿ ಹಾದು ಹೋಗುವಾಗ ಎಷ್ಟೋ ಜಾಸ್ತಿಯಾಗುತ್ತದೆ. ಅದಕ್ಕೇ ಬೆಟ್ಟದ ಏಣನ್ನು ನೇರ ದಾಟದೆ 45 ಡಿಗ್ರಿ ಓರೆಯಾಗಿ ಹೋಗುವುದು. ಕೆಳಗೆಳೆದರೆ ಪೂರ್ತಿ ಹಿಂದಕ್ಕೆ ತಿರುಗಬೇಕಿಲ್ಲ, ಸಣ್ಣ ತಿರುವಿನಲ್ಲೇ ಬೆಟ್ಟದಿಂದ ದೂರ ಸರಿಯಬಹುದು.

"ನೈಟ್ ವಿಷನ್ ಗಾಗಲ್ಸ್ ಇದೆಯಲ್ಲ" ಎಂದು ಯಾರಾದರೂ ಹೇಳಿದರೆ ಇದನ್ನು ಹೇಳು. ಗಾಗಲ್ಸಿಗೆ ತೆಳು ಮಂಜಿನ ಆಚೆಗೂ ಕಾಣುತ್ತದೆ. ಅದೇ ಅಪಾಯ. ಮಂಜು ದಟ್ಟವಾಗುತ್ತಿರುವುದು ಗೊತ್ತಾಗದೆ ಒಳಗೆ ಹೋಗಿಬಿಡುತ್ತೇವೆ. ನಾನು ಒಂದು ಸಲ ಹಾಗೆ ಹೋಗಿದ್ದೇನೆ. ಕಣಿವೆಯ ತುದಿಯಲ್ಲಿ ಒಂದು ಮನೆಯ ದೀಪ ಇತ್ತು. ಮೊದಲು ಚುಕ್ಕಿ. ಆಮೇಲೆ ಅದರ ಸುತ್ತ ಒಂದು ಬಳೆಯಷ್ಟು ಬೆಳಕು. ಬಳೆ ತಟ್ಟೆಯಷ್ಟಾಯಿತು. ಪಕ್ಕದಲ್ಲಿದ್ದ ಪ್ಯಾರಾಮೆಡಿಕ್ ಹುಡುಗ "ಸರ್, ದೀಪ ದೊಡ್ಡದಾಗುತ್ತಿದೆ" ಅಂದ. ದೀಪ ದೊಡ್ಡದಾಗುತ್ತಿರಲಿಲ್ಲ, ನಮ್ಮ ನಡುವೆ ನೀರಿನ ಹನಿ ಜಾಸ್ತಿಯಾಗುತ್ತಿತ್ತು. ಎಡಕ್ಕೆ ತಿರುಗಿಸಿ ವಾಪಸ್ ಬಂದೆ. ಆ ಹುಡುಗ ಬಾಯಿ ಬಿಡದೆ ಇದ್ದಿದ್ದರೆ ಏನಾಗುತ್ತಿತ್ತೋ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 20 ಜನರನ್ನು ಪರೀಕ್ಷೆ ಮಾಡಿದ್ದರು. ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ ಪೈಲಟ್‌ಗಳು. ಹೊರಗಿನದು ಕಾಣದ ಹಾಗೆ ಮಾಡಿದಾಗ 20 ಜನರೂ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಅದು ವಿಮಾನ. ಹೆಲಿಕಾಪ್ಟರ್ ಅದಕ್ಕಿಂತ ಅಸ್ಥಿರ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು: ಹವೆಯ ಕಾರಣಕ್ಕೆ ಮಾಮೂಲಿ ವೇಗದಿಂದ 30 ನಾಟ್ ಇಳಿಸಿದೆ ಎಂದಾದರೆ, ಇಲ್ಲವೇ ರಾತ್ರಿ ನೆಲದಿಂದ 500 ಅಡಿಗೆ ಇಳಿದೆ ಎಂದಾದರೆ, ಅಲ್ಲೇ ತೀರ್ಮಾನ. ವಾಪಸ್ಸು, ಇಲ್ಲ ಇಳಿಯುವುದು. "ಇನ್ನೊಂದು ತಿರುವು ನೋಡೋಣ" ಎನ್ನುವ ಮಾತಿಲ್ಲ.

ನಿಮ್ಮ ಪೈಲಟ್ ಒಳ್ಳೆಯವರು. ನೀನು ಅಂಕಿ ಮುಚ್ಚಿಡದೆ ಪೂರ್ತಿ ಕೊಟ್ಟದ್ದರಿಂದಲೇ ಅವರಿಗೆ ಸಂಶಯ ಬಂತು ಎನ್ನುವುದನ್ನೂ ಮರೆಯಬೇಡ.

ಗಾಳಿಚೀಲ

ಹಳೇರೋಟರ್ ಸರ್ ಹೇಳಿದ್ದಕ್ಕೆ ಉಪಕರಣದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹವಾಮಾನ ಕೇಂದ್ರಗಳನ್ನು ನಿಲ್ಲಿಸಿ, ರಿಪೇರಿ ಮಾಡಿಕೊಂಡು ಬಂದವನು ನಾನು.

"ತಲೆಯ ಮೇಲೆ ಮೋಡ ಇಲ್ಲ" ಎಂದು ನೀವೇ ಬರೆದಿದ್ದೀರಿ. ಆ ಮಾತು ಅಕ್ಷರಶಃ ನಿಜ. ಮೋಡದ ಎತ್ತರ ಅಳೆಯುವ ಸೀಲೋಮೀಟರ್ ಲೇಸರ್ ಕಿರಣವನ್ನು ನೇರ ಮೇಲಕ್ಕೆ ಬಿಡುತ್ತದೆ. ತನ್ನ ನೆತ್ತಿಯ ಮೇಲೆ ಇರುವುದು ಮಾತ್ರ ಅದಕ್ಕೆ ಗೊತ್ತು. 15 ಕಿಲೋಮೀಟರ್ ಆಚೆಯ ಬೆಟ್ಟಕ್ಕೆ ಮೋಡ ಅಂಟಿಕೊಂಡಿದ್ದರೆ ಅದು ನೋಡುವುದೇ ಇಲ್ಲ. ಅಮೆರಿಕದ ಆಸೋಸ್ ಎಂಬ ಸ್ವಯಂಚಾಲಿತ ಹವಾಮಾನ ಕೇಂದ್ರಗಳಲ್ಲಿ ಹಿಂದಿನ 30 ನಿಮಿಷ ಹಾದುಹೋದ ಮೋಡಗಳನ್ನು ಕೂಡಿಸಿ, ಕೊನೆಯ 10 ನಿಮಿಷಕ್ಕೆ ಹೆಚ್ಚು ತೂಕ ಕೊಟ್ಟು, "ಆಕಾಶ ಹೀಗಿದೆ" ಎಂದು ಬರೆಯುತ್ತದೆ. ಬಯಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮೋಡ ಸಾಗುತ್ತಾ ಇರುತ್ತದೆ. ಬೆಟ್ಟದ ಮೋಡ ಸಾಗುವುದಿಲ್ಲ. ಕೂತ ಜಾಗದಲ್ಲೇ ಕೂತಿರುತ್ತದೆ.

ದೃಷ್ಟಿದೂರ ಅಳೆಯುವ ಸೆನ್ಸರೂ ಹಾಗೆಯೇ. ಎರಡು ತೋಳಿನ ನಡುವಿನ ಒಂದು ಸಣ್ಣ ಪೆಟ್ಟಿಗೆಯಷ್ಟು ಗಾಳಿಯಲ್ಲಿ ಬೆಳಕು ಎಷ್ಟು ಚದುರುತ್ತದೆ ಎಂದು ನೋಡಿ ಕಿಲೋಮೀಟರ್ ಲೆಕ್ಕ ಹೇಳುತ್ತದೆ. ಹೊರಗೆ ತಲೆ ಹಾಕಿ ದೂರ ನೋಡುವ ಮನುಷ್ಯ ಅಲ್ಲ ಅದು. ವಿಮಾನ ನಿಲ್ದಾಣಕ್ಕೆ ಕೊಡುವ ಟ್ಯಾಫ್ ಮುನ್ಸೂಚನೆ ಕೂಡ ಆ ನಿಲ್ದಾಣದ ಸುತ್ತ ಸುಮಾರು 8 ಕಿಲೋಮೀಟರಿಗೆ ಮಾತ್ರ. ಅದನ್ನು ಪಾಸಿನ ತನಕ ಎಳೆಯುವಂತಿಲ್ಲ.

ಹಾಗಾದರೆ ನಡುವಿನ ಜಾಗಕ್ಕೆ ಏನು ಮಾಡಬೇಕು? ಅಲ್ಲಿಯೇ ಕಣ್ಣು ಇಡಬೇಕು, ಬೇರೆ ದಾರಿ ಇಲ್ಲ. ಅಲಾಸ್ಕಾದಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಪಾಸ್‌ಗಳಲ್ಲಿ, ಹಳ್ಳಿಯ ಏರ್‌ಸ್ಟ್ರಿಪ್‌ಗಳಲ್ಲಿ ಕ್ಯಾಮೆರಾ ಹಾಕುತ್ತಾ ಬಂದಿದೆ. ಆಮೇಲೆ ಕೊಲೊರಾಡೋದ ಬೆಟ್ಟಗಳಿಗೂ ಅದೇ ವ್ಯವಸ್ಥೆ ಬಂತು. ನಾರ್ವೆಯಲ್ಲಿ ಏರ್ ಆಂಬ್ಯುಲೆನ್ಸ್ ಫೌಂಡೇಷನ್ ತಾನೇ ಮುಂದೆ ನಿಂತು ಹಾರುವ ದಾರಿಯುದ್ದಕ್ಕೂ ಹವಾಮಾನ ಕ್ಯಾಮೆರಾ ನಿಲ್ಲಿಸಿದೆ. ಅಲಾಸ್ಕಾದ ಕ್ಯಾಮೆರಾಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ. ಈಗಿನ ಚಿತ್ರದ ಪಕ್ಕದಲ್ಲೇ ಶುಭ್ರ ದಿನದ ಚಿತ್ರವನ್ನೂ ಇಡುತ್ತಾರೆ. ಅದರಲ್ಲಿ ಯಾವ ಬೆಟ್ಟ ಎಷ್ಟು ದೂರ, ಎಷ್ಟು ಎತ್ತರ ಎಂದು ಬರೆದಿರುತ್ತದೆ. ಮೂರನೇ ಬೆಟ್ಟ ಇವತ್ತು ಕಾಣುತ್ತಿಲ್ಲ ಎಂದರೆ ಅಷ್ಟು ದೂರ ಕಾಣುತ್ತಿಲ್ಲ. ಊಹೆ ಬೇಕಿಲ್ಲ.

ರಾತ್ರಿ ಕ್ಯಾಮೆರಾ ಅಷ್ಟು ಕೆಲಸಕ್ಕೆ ಬಾರದು. ಆಗ ನಿಮ್ಮ ಪೈಲಟ್ ಕೇಳಿದ ದೀಪದ ಕಂಬವೇ ಸರಿ. ಆದರೆ ಆ ಕಂಬ ಎಷ್ಟು ಮೀಟರ್ ದೂರ ಎಂದು ಹಗಲಿನಲ್ಲೇ ಯಾರಾದರೂ ಹೋಗಿ ಅಳೆದಿಟ್ಟಿರಬೇಕು.

ಒಂದು ಎಚ್ಚರಿಕೆ, ಇದು ನನ್ನ ಕೈಯಾರೆ ಕಲಿತದ್ದು. ಬೆಟ್ಟದ ಏಣಿನ ಮೇಲಿದ್ದ ಒಂದು ಕೇಂದ್ರ ಮೂರು ದಿನ "ಗಾಳಿ 0" ಎಂದು ಕಳಿಸುತ್ತಿತ್ತು. ಶಾಂತ ಹವೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಹತ್ತಿ ಹೋಗಿ ನೋಡಿದರೆ ನಿಲ್ಲಲು ಆಗದಷ್ಟು ಗಾಳಿ. ಗಾಳಿ ಅಳೆಯುವ ಬಟ್ಟಲುಗಳು ಮಂಜುಗಡ್ಡೆ ಹಿಡಿದು ಕಲ್ಲಿನ ಹಾಗೆ ನಿಂತುಬಿಟ್ಟಿದ್ದವು, ಗಾಳಿ ಬಂದ ಕಡೆಗೆ ಒಂದು ಗೇಣು ಬಿಳಿ ಗರಿ ಬೆಳೆದಿತ್ತು. ಅದಕ್ಕೇ ಉಷ್ಣತೆ ಸೊನ್ನೆಗಿಂತ ಕೆಳಗೆ, ತೇವ ಪೂರ್ತಿ, ಗಾಳಿ ಸೊನ್ನೆ ಎಂದು ಬೆಟ್ಟದ ತುದಿಯಿಂದ ಬಂದರೆ ಅದನ್ನು ಶಾಂತ ಎಂದು ಓದಬೇಡಿ. ಕೇಂದ್ರ ಹೆಪ್ಪುಗಟ್ಟಿದೆ ಎಂದು ಓದಿ. ಅಂಥ ಮೋಡ ಬಟ್ಟಲಿಗೆ ಮಾಡಿದ್ದನ್ನೇ ಹೆಲಿಕಾಪ್ಟರಿನ ತಿರುಗುವ ರೆಕ್ಕೆಗೂ ಮಾಡುತ್ತದೆ. ಹೆಚ್ಚಿನ ಹೆಲಿಕಾಪ್ಟರ್‌ಗಳಿಗೆ ಹಿಮ ಕಟ್ಟುವ ಮೋಡದೊಳಗೆ ಹೋಗಲು ಅನುಮತಿಯೇ ಇಲ್ಲ.

ವರದಿಯ ಸಮಯವನ್ನೂ ನೋಡಿ. ಮೆಟಾರ್, ಅಂದರೆ ವಿಮಾನ ನಿಲ್ದಾಣದ ಈಗಿನ ಹವೆಯ ವರದಿ, ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ. 50 ನಿಮಿಷ ಹಳೆಯ ಸ್ವಚ್ಛ ಆಕಾಶ ಕಣಿವೆಯಲ್ಲಿ ಯಾವುದಕ್ಕೂ ಸಾಲದು.

ಸ್ಟ್ರೆಚರ್‌ಪಕ್ಕ

ನಾನು ಫ್ಲೈಟ್ ನರ್ಸ್. ಹವಾಮಾನ ಅವರಿಬ್ಬರು ಹೇಳಿದ್ದಾರೆ. ನನಗೆ ಚುಚ್ಚಿದ್ದು ನಿನ್ನ ಒಂದೇ ವಾಕ್ಯ, ತಂಗಿ. "ಸರ್, ಆರು ವರ್ಷದ ಮಗು."

ಅದನ್ನು ಹೇಳಬೇಡ. ನಿನ್ನ ಮೇಲೆ ಸಿಟ್ಟಿಲ್ಲ, ನಾನೂ ಮೊದಲ ವರ್ಷ ಹಾಗೇ ಮಾಡಿದ್ದೆ. ಆದರೆ ಹೋಗುವುದೋ ಬೇಡವೋ ಎಂದು ಪೈಲಟ್ ತೀರ್ಮಾನಿಸುವ ತನಕ ರೋಗಿ ಯಾರು ಎಂದು ಅವರಿಗೆ ಗೊತ್ತಾಗಬಾರದು. ಎಲ್ಲಿಂದ, ಎಲ್ಲಿಗೆ, ಎಷ್ಟು ತೂಕ, ಇಷ್ಟೇ. ಮಗು ಎಂದು ಕೇಳಿದ ಮೇಲೆ ಯಾರ ಕಣ್ಣಿಗೂ 3 ಡಿಗ್ರಿ ಅಂತರ 3ರ ಹಾಗೆ ಕಾಣುವುದಿಲ್ಲ, 5ರ ಹಾಗೆ ಕಾಣುತ್ತದೆ. ನಿಮ್ಮ ಪೈಲಟ್ ಗಟ್ಟಿ ಮನುಷ್ಯ, ಉತ್ತರ ಕೊಡದೆ ಅಂಕಿ ನೋಡಿದರು. ಎಲ್ಲರೂ ಎಲ್ಲ ರಾತ್ರಿಯೂ ಹಾಗಿರುವುದಿಲ್ಲ.

ನಮ್ಮಲ್ಲಿ ಹೊರಡಲು ಹೆಲಿಕಾಪ್ಟರಿನಲ್ಲಿ ಹೋಗುವ ಸಿಬ್ಬಂದಿ ಮೂವರೂ ಒಪ್ಪಬೇಕು. ಬೇಡ ಎನ್ನಲು ಒಬ್ಬರು ಸಾಕು. ಯಾಕೆ ಎಂದು ಆ ಹೊತ್ತಿಗೆ ಯಾರೂ ಕೇಳುವಂತಿಲ್ಲ. ನಾನು ಎರಡು ಸಲ ಬೇಡ ಎಂದಿದ್ದೇನೆ.

ಇನ್ನೊಂದು ಮಾತು, ಇದು ನಿನ್ನ ಕುರ್ಚಿಗೆ ಸೇರಿದ್ದು. ಒಂದು ಸಂಸ್ಥೆ ಹವೆಯ ಕಾರಣಕ್ಕೆ ಬೇಡ ಎಂದರೆ ಆಸ್ಪತ್ರೆಯವರು ಗಾಬರಿಯಲ್ಲಿ ಇನ್ನೊಂದು ಸಂಸ್ಥೆಗೆ ಫೋನ್ ಮಾಡುತ್ತಾರೆ. ಮೊದಲನೆಯವರು ಯಾಕೆ ಬೇಡ ಎಂದರು ಎಂದು ಹೇಳುವುದಿಲ್ಲ. ಹಾಗೆ ಗೊತ್ತಿಲ್ಲದೆ ಹೊರಟು ಹೋದವರು ಇದ್ದಾರೆ. ಆದ್ದರಿಂದ ಕರೆ ಬಂದ ಕೂಡಲೇ ಕೇಳು: "ಬೇರೆ ಯಾರನ್ನಾದರೂ ಕೇಳಿದ್ದೀರಾ? ಅವರು ಏನಂದರು?" ನೀವು ಬೇಡ ಎಂದಾಗ ಸುತ್ತಲಿನ ಉಳಿದ ಕಂಟ್ರೋಲ್ ರೂಮ್‌ಗಳಿಗೂ ನೀನೇ ಫೋನ್ ಮಾಡಿ, ಯಾವ ಪಾಸ್, ಎಷ್ಟು ಗಂಟೆ, ಏನು ಕಂಡಿತು ಎಂದು ಹೇಳು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2006ರಲ್ಲಿ ಒಂದು ವರದಿ ಕೊಟ್ಟಿತು. 2002ರ ಜನವರಿಯಿಂದ 2005ರ ಜನವರಿ ತನಕ 55 ತುರ್ತು ವೈದ್ಯಕೀಯ ಹಾರಾಟಗಳು ಅಪಘಾತಕ್ಕೆ ಸಿಕ್ಕಿ 54 ಜನ ಸತ್ತಿದ್ದರು. ಆ ಲೆಕ್ಕದೊಳಗೆ ನನ್ನಂಥ ನರ್ಸ್‌ಗಳೂ ಇದ್ದಾರೆ. ಹೊರಡುವ ಮೊದಲು ಅಪಾಯದ ಲೆಕ್ಕ ಬರೆದು ಹಾಕಬೇಕು, ದೊಡ್ಡ ಸಂಸ್ಥೆಗಳಲ್ಲಿ ನಿನ್ನಂಥ ಒಬ್ಬರು ಕಂಟ್ರೋಲ್ ರೂಮಿನಲ್ಲಿ ಕೂತು ಎರಡನೇ ಕಣ್ಣಾಗಿರಬೇಕು ಎನ್ನುವ ನಿಯಮ ಅಲ್ಲಿ ಬಂದದ್ದು 2014ರಲ್ಲಿ. ನಿನ್ನ ಕೆಲಸ ಫೋನ್ ಎತ್ತುವುದಷ್ಟೇ ಅಲ್ಲ.

ಚಿಕ್ಕಪ್ಪನಿಗೆ ಏನು ಹೇಳಬೇಕಿತ್ತು ಎಂದು ಯೋಚಿಸುತ್ತಿದ್ದೀಯಲ್ಲ. "ನಿಮ್ಮ ಮೇಲೆ ಆಕಾಶ ತೆರೆದಿದೆ, ನಿಜ. ನಡುವಿನ ಬೆಟ್ಟ ಕಾಣುತ್ತಿಲ್ಲ. ಆಂಬ್ಯುಲೆನ್ಸ್ ಈಗ ಇಂಥ ಜಾಗದಲ್ಲಿದೆ." ನಾನಾಗಿದ್ದರೆ ಇಷ್ಟು ಹೇಳುತ್ತಿದ್ದೆ. ರಸ್ತೆಯ ಗಾಡಿ ಎಲ್ಲಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ತಿಳಿಸಿದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ರಾತ್ರಿಪಾಳಿ

ಸರ್, ಅಕ್ಕ, ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. 13 ಮತ್ತು 6 ಎಂದು ನಾನೇ ಕೈಯಾರೆ ಬರೆದಿದ್ದೆ. ಎತ್ತರದ ಊರು ಬಿಸಿ ಯಾಕೆ ಎಂದು ಒಂದು ಕ್ಷಣವೂ ತಲೆಗೆ ಬಂದಿರಲಿಲ್ಲ. ಒಂದು ಸಂಶಯ ಮಾತ್ರ ಉಳಿದಿದೆ. ಗಾಳಿ ಇಲ್ಲದ ರಾತ್ರಿ ತಂಪು ಕೆಳಗೆ ನಿಂತರೂ ಎತ್ತರದ ಊರು ಬಿಸಿ ಕಾಣಬಹುದಲ್ವಾ? ಆಗ ಹೇಗೆ ಬೇರೆ ಮಾಡುವುದು?

ಈ ವಾರ ಮಾಡಿದ್ದು ಹೇಳುತ್ತೇನೆ. ನಮ್ಮ ಬೋರ್ಡಿನಲ್ಲಿ ಎರಡು ಊರಿನ ನಡುವೆ ಪಾಸಿಗೆ ಒಂದು ಸಾಲು ಹಾಕಿದೆ. ಅಂತರ ಎಷ್ಟು, ಹಿಂದಿನ ಮೂರು ಗಂಟೆ ಎಷ್ಟಿತ್ತು, ಗಾಳಿ ಬೆಟ್ಟದ ಕಡೆಗೋ ಬೆಟ್ಟದಿಂದ ಈಚೆಗೋ. ನನ್ನ ರಜೆಯ ದಿನ ಬಸ್ಸಿನಲ್ಲಿ ಪಾಸಿಗೆ ಹೋಗಿ ಚೆಕ್‌ಪೋಸ್ಟಿನವರನ್ನು ಮಾತಾಡಿಸಿದೆ. ಬಾಗಿಲಿನಿಂದ ಕಾಣುವ ದೀಪಗಳ ದೂರವನ್ನು ಟೇಪ್ ಹಿಡಿದು ಅಳೆದೆವು. ಗೇಟಿನ ದೀಪ 40 ಮೀಟರ್, ತಿರುವಿನ ದೀಪ 310 ಮೀಟರ್, ಆಚೆ ದಿಬ್ಬದ ಟವರಿನ ಕೆಂಪು ದೀಪ ನಕ್ಷೆಯ ಪ್ರಕಾರ 4 ಕಿಲೋಮೀಟರ್. ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಫೋನಿನ ಪಕ್ಕ ಅಂಟಿಸಿ ಬಂದೆ. ರೋಗಿಯ ವಿವರವನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿ ಇಡುತ್ತಿದ್ದೇನೆ. ಹೊರಡುವುದು ಎಂದಾದ ಮೇಲೆ ಅದು ನರ್ಸ್ ಕೈಗೆ.

ಹಳೇರೋಟರ್

ಒಳ್ಳೆಯ ಸಂಶಯ. ನೆಲೆಯ ಗಾಳಿಯನ್ನು ನೋಡು. ತಂಪು ಕೆಳಗೆ ನಿಂತಿದ್ದರೆ ನಿಮ್ಮಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಜೋತು ಬಿದ್ದಿರುತ್ತದೆ, ಇಲ್ಲವೇ ಬೆಟ್ಟದಿಂದ ಇಳಿಯುವ ಎರಡು ಮೂರು ನಾಟ್ ತಂಗಾಳಿ ಇರುತ್ತದೆ. 12 ನಾಟ್ ಬೀಸುವ ಕಡೆ ತಂಪು ಹಾಗೆ ನಿಲ್ಲಲಾರದು, ಕಲಸಿ ಹೋಗುತ್ತದೆ. ಆವತ್ತು ಗಾಳಿ ಇತ್ತು, ಬೆಟ್ಟದ ಕಡೆಗೆ ಇತ್ತು. ಎರಡೂ ಸೇರಿದರೆ ಮಾತ್ರ ನಾನು ಹೇಳಿದ ಅರ್ಥ.

ಟವರಿನ ದೀಪ ಒಂದು ಮಾತ್ರ ನೋಡಿಕೋ. ಅದು ಪಾಸಿಗಿಂತ ಎತ್ತರದಲ್ಲಿದ್ದರೆ ಪಾಸ್ ತೆರೆದಿದ್ದಾಗಲೂ ಮೋಡದೊಳಗೆ ಇರಬಹುದು. ಎತ್ತರ ಎಷ್ಟು?

ರಾತ್ರಿಪಾಳಿ

ನಕ್ಷೆಯಲ್ಲಿ ನೋಡಿದೆ ಸರ್, 1740 ಮೀಟರ್. ಪಾಸಿಗಿಂತ 90 ಮೀಟರ್ ಮೇಲೆ. ಹಾಗಾದರೆ ಅದು ಕಂಡರೆ ಅಷ್ಟು ಎತ್ತರದ ತನಕ ಮೋಡ ಇಲ್ಲ ಎಂದೂ ಗೊತ್ತಾಗುತ್ತದೆ. ಹಾಳೆಯಲ್ಲಿ ಸೇರಿಸುತ್ತೇನೆ.

ನಿನ್ನೆ ರಾತ್ರಿ 3:10ಕ್ಕೆ, ಕರೆ ಏನೂ ಇಲ್ಲದಿದ್ದರೂ, ಅಭ್ಯಾಸಕ್ಕೆಂದು ಫೋನ್ ಮಾಡಿದ್ದೆ. "ಗೇಟ್ ದೀಪ ಇದೆ, ತಿರುವಿನದು ಇದೆ, ಕೆಂಪು ದೀಪ ಬಂದು ಬಂದು ಹೋಗುತ್ತಿದೆ" ಅಂದರು. ಹಾಗೆಯೇ ಬರೆದುಕೊಂಡೆ, ಸಮಯದ ಜೊತೆಗೆ.